ಟೇಪಿನಲ್ಲಿ ಮೂರನೇ ಒಂದು ಭಾಗ ಇಲ್ಲ

ಮಗಳು ಐದನೇ ಕ್ಲಾಸಿಗೆ ಬರುವವರೆಗೆ, ನನಗೆ ಗಣಿತ ಬರುವುದಿಲ್ಲ ಎಂಬುದರಿಂದ ನಮ್ಮ ಮನೆಯಲ್ಲಿ ಯಾರಿಗೂ ತೊಂದರೆ ಆದದ್ದಿಲ್ಲ. ಹೊಲಿಗೆ ಅಂಗಡಿಯಲ್ಲಿ ಬಿಲ್ಲು ಮಾಡಲಿಕ್ಕೆ ಕ್ಯಾಲ್ಕುಲೇಟರ್ ಉಂಟು. ಬ್ಯಾಂಕು, ಸಾಲದ ಕಂತು ಇವೆಲ್ಲ ಗಂಡನ ಪಾಲಿನ ಕೆಲಸ. ಹನ್ನೆರಡರವರೆಗೆ ಮಗ್ಗಿ ಬಾಯಿಗೆ ಬರುತ್ತದೆ, ಅಷ್ಟರಲ್ಲಿ ಸಂಸಾರ ಸಾಗುತ್ತಿತ್ತು. ಐದನೆಯಲ್ಲಿ ಭಿನ್ನರಾಶಿ ಶುರುವಾಯಿತು. ಅವಳು ಪುಸ್ತಕ ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟು, "ಅಮ್ಮ, ಕೆಳಗಿನದ್ದನ್ನು ಯಾಕೆ ಕೂಡಿಸಬಾರದು?" ಎಂದು ಕೇಳಿದಳು. ಕೂಡಿಸಬಾರದು ಎಂಬುದಷ್ಟೇ ನನಗೆ ಗೊತ್ತಿತ್ತು. ಯಾಕೆ ಎಂದು ನಾನೂ ಕೇಳಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ.

ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಗಣಿತದ ಪೀರಿಯಡ್ ಎಂದರೆ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆಯುವುದು. ಬೆಂಚಿನಲ್ಲಿ ಕೂತಿದ್ದಾಗ ಬರುವ ಲೆಕ್ಕ ಸೀಮೆಸುಣ್ಣ ಕೈಗೆ ಬಂದ ಕೂಡಲೇ ಮರೆತುಹೋಗುತ್ತಿತ್ತು. ಕಿವಿ ಬಿಸಿಯಾಗುತ್ತಿತ್ತು, ಬೆನ್ನ ಹಿಂದೆ ನಗು ಕೇಳುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 35ರ ಗೆರೆಯನ್ನು ಹೇಗೋ ದಾಟಿದೆ. ಪಿಯುಸಿಗೆ ಕಲಾ ವಿಭಾಗ ತೆಗೆದುಕೊಂಡೆ, ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. ಆಮೇಲೆ ಹೊಲಿಗೆ ಕಲಿತೆ. ಲೆಕ್ಕದ ಸಹವಾಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮುಗಿಯುವುದಕ್ಕೆ ಉಡುಪಿ ಬಿಡಬೇಕಲ್ಲ. ನಮ್ಮದು ರಿಸಲ್ಟಿನ ಜಿಲ್ಲೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅವರು ಮೊದಲು, ನಾವು ಎರಡನೆಯವರು. ಪೇಪರಿನಲ್ಲಿ ಓದಲಿಕ್ಕೆ ಹೆಮ್ಮೆಯೇ. ಆದರೆ ಐದನೇ ಕ್ಲಾಸಿನ ಮಗುವಿನ ತಾಯಿಯ ಹತ್ತಿರ ಕೂಡ "ಗಣಿತಕ್ಕೆ ಎಲ್ಲಿ ಟ್ಯೂಷನ್?" ಎಂದು ಕೇಳುವುದು ಇಲ್ಲಿ ಊಟ ಆಯಿತಾ ಎಂದು ಕೇಳಿದಷ್ಟೇ ಸಹಜ. ಶಾಲೆಯ ಪಾಲಕರ ಸಭೆಯಲ್ಲಿ ಟೀಚರು, "ಮನೆಯಲ್ಲಿ ಸ್ವಲ್ಪ ನೋಡಿಕೊಳ್ಳಿ" ಎಂದರು. ಯಾರು ನೋಡಿಕೊಳ್ಳುವುದು? ಇವರು ಮಲ್ಪೆಯಿಂದ ಮನೆಗೆ ಬರುವಾಗ ಮಗು ಮಲಗಿರುತ್ತದೆ.

ಟ್ಯೂಷನ್ನಿಗೂ ಹಾಕಿದೆವು. ಅಲ್ಲಿ ಹೋಮ್‌ವರ್ಕ್ ಚೆಂದವಾಗಿ ಮುಗಿಯುತ್ತಿತ್ತು. ಬಂದ ಮೇಲೆ ಅದೇ ಲೆಕ್ಕದ ಒಂದು ಅಂಕೆ ಬದಲಾಯಿಸಿ ಕೊಟ್ಟರೆ ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಆ ನೋಟದ ಪರಿಚಯ ನನಗೆ ಚೆನ್ನಾಗಿ ಇತ್ತು. ವರ್ಷದ ಮಧ್ಯದಲ್ಲೇ ಬಿಡಿಸಿದೆ.

ಆ ಹೊತ್ತಿಗೆ ಮನಶ್ಶಾಸ್ತ್ರ ಪಾಠ ಮಾಡುವ ಒಬ್ಬರು ಬ್ಲೌಸ್ ಹೊಲಿಸಲಿಕ್ಕೆ ನನ್ನಲ್ಲಿಗೆ ಬರುತ್ತಿದ್ದರು. ಅಳತೆ ತೆಗೆಯುವಾಗ ಮಾತಿಗೆ ಮಾತು ಬಂದು ನನ್ನ ಕಿವಿ ಬಿಸಿಯಾಗುವ ಕತೆ ಹೇಳಿದೆ. ಅವರು ನಗಲಿಲ್ಲ. ಅಮೆರಿಕದ ಮಾರ್ಕ್ ಆಶ್‌ಕ್ರಾಫ್ಟ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರಂತೆ. ಲೆಕ್ಕ ಮಾಡುವಾಗ ಅಂಕೆಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿ ಒಂದು ಸಣ್ಣ ಜಾಗ ಬೇಕು. ಹೆದರಿಕೆ ಆ ಜಾಗಕ್ಕೇ ಬಂದು ಕೂರುತ್ತದೆ. ಹಾಗಾಗಿ ಹೆದರಿದವರು ದಶಕ ಕೈಯಲ್ಲಿ ಇಟ್ಟುಕೊಂಡು ಮಾಡುವ ಕೂಡಿಸುವ ಲೆಕ್ಕದಲ್ಲೇ ಹೆಚ್ಚು ಎಡವುತ್ತಾರೆ. ಇದನ್ನು ಕೇಳಿ ನನಗೆ ಸಮಾಧಾನವಾಯಿತು. ಅವರು ಮುಂದೆ ಹೇಳಿದ ಮಾತಿನಿಂದ ಆ ಸಮಾಧಾನ ಹೋಯಿತು. 2015ರಲ್ಲಿ ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಅವರ ಜೊತೆಯವರು ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳನ್ನೂ ಅವರ ಹೆತ್ತವರನ್ನೂ ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ಗಣಿತಕ್ಕೆ ಹೆದರುವ ತಂದೆತಾಯಿ ಮನೆಗೆಲಸಕ್ಕೆ ಪದೇಪದೇ ಸಹಾಯ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳು ವರ್ಷದ ಕೊನೆಗೆ ಕಡಿಮೆ ಕಲಿತಿದ್ದರು, ಗಣಿತದ ಹೆದರಿಕೆಯೂ ಅವರಲ್ಲಿ ಜಾಸ್ತಿಯಾಗಿತ್ತು. ಹೆದರುವವರಾದರೂ ಹೆಚ್ಚು ಸಹಾಯಕ್ಕೆ ಕೂರದ ಮನೆಗಳಲ್ಲಿ ಹೀಗೆ ಆಗಿರಲಿಲ್ಲ.

ಅಂದರೆ ನಾನು ದೂರ ಕೂತರೇ ಮಗುವಿಗೆ ಒಳ್ಳೆಯದು! ಅಂದು ರಾತ್ರಿ ಸಿಟ್ಟೇ ಬಂತು. ನೋಡಿಕೊಳ್ಳಿ ಎಂದು ಶಾಲೆ ಹೇಳುತ್ತದೆ, ನೋಡಬೇಡಿ ಎಂದು ಸಂಶೋಧನೆ ಹೇಳುತ್ತದೆ. ಸಿಟ್ಟು ಇಳಿದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ನಾನು ಅವಳ ಪಕ್ಕ ಕೂತು ಮಾಡುತ್ತಿದ್ದದ್ದಾದರೂ ಎಂತ? ಉತ್ತರ ಬೇಗ ಬರಲಿ ಎಂದು ಅವಸರ ಮಾಡುವುದು, ತಪ್ಪಿದರೆ "ಅಯ್ಯೋ" ಎನ್ನುವುದು, ಕೊನೆಗೆ ಪುಸ್ತಕದ ಹಿಂದಿನ ಉತ್ತರ ನೋಡಿ ಹೇಳುವುದು. ಗಣಿತ ಬಾರದಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಣಿತ ಬಾರದವಳಾಗಿಯೇ ಬೇರೆ ರೀತಿಯಲ್ಲಿ ಕೂರಬಹುದಲ್ಲ ಎಂದುಕೊಂಡೆ.

ನಡುವೆ ಒಂದು ಮಾತು. ನನ್ನಂಥವರಿಗೆ ಎಲ್ಲರೂ ಒಂದು ಸಾಂತ್ವನ ಹೇಳುತ್ತಾರೆ: "ನಿನಗೆ ಲೆಕ್ಕ ಬರುತ್ತದೆ ಮಾರಾಯ್ತಿ, ದಿನಾ ಬಟ್ಟೆ ಕತ್ತರಿಸುತ್ತಿ, ಅಮ್ಮನ ಮನೆಯ ಮಲ್ಲಿಗೆ ಲೆಕ್ಕ ಇಡುತ್ತಿ." ನನ್ನ ತವರು ಶಂಕರಪುರದ ಕಡೆ. ಮಲ್ಲಿಗೆಯ ಲೆಕ್ಕ ಅಲ್ಲಿಯ ಮಕ್ಕಳಿಗೆ ಹಾಲು ಕುಡಿಯುವಾಗಲೇ ಬರುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಯ ದರ ದಿನ ದಿನವೂ ಬೇರೆ. ಅಟ್ಟೆಗೆ ಇಷ್ಟು ಎಂದರೆ ಚೆಂಡಿಗೆ ಎಷ್ಟು ಎಂದು ನಾನು ನಿದ್ದೆಯಲ್ಲೂ ಹೇಳುತ್ತೇನೆ. ಹಾಗೆಂದು ನನಗೆ ನಾಲ್ಕನೇ ಒಂದು ಭಾಗ ಅರ್ಥವಾಗಿತ್ತೇ? ಇಲ್ಲ. ನನಗೆ ಗೊತ್ತಿದ್ದದ್ದು ಚೆಂಡು. ಬ್ಲೌಸಿನದ್ದೂ ಹಾಗೆಯೇ. 36 ಇಂಚಿನ ಎದೆ ಸುತ್ತಳತೆಯ ಕಾಲು ಭಾಗ ಬೇಕಾದರೆ ಟೇಪನ್ನು ಎರಡು ಸಲ ಮಡಚುತ್ತೇನೆ, 9 ಎಂದು ಟೇಪೇ ಹೇಳುತ್ತದೆ. ಕೈಗೆ ಗೊತ್ತಿರುವುದು ಪುಸ್ತಕದ ಹಾಳೆಗೆ ತನ್ನಷ್ಟಕ್ಕೆ ಇಳಿದು ಬರುವುದಿಲ್ಲ. ಹೊಗಳಿಕೆಯಿಂದ ನನಗೆ ಒಂದು ಲೆಕ್ಕವೂ ಹೆಚ್ಚು ಬಂದಿಲ್ಲ. ಕೈಯಿಂದ ಹಾಳೆಗೆ ಹೋಗುವ ದಾರಿಯನ್ನು ಕೂತು ಮಾಡಿಕೊಳ್ಳಬೇಕಾಯಿತು.

ಮೊದಲ ಸಹಾಯ ಸಿಕ್ಕಿದ್ದು ಸರಕಾರದ ಪುಸ್ತಕದಿಂದಲೇ. ಅವಳದ್ದು ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳ ಪಿಡಿಎಫ್ ಪುಕ್ಕಟೆಯಾಗಿ ಸಿಗುತ್ತದೆ, ಕನ್ನಡದ್ದೂ ಇಂಗ್ಲಿಷಿನದ್ದೂ. ಎರಡರಲ್ಲಿಯೂ ಪಾಠ ಅದೇ, ಲೆಕ್ಕ ಅದೇ, ಕ್ರಮವೂ ಅದೇ. ಕನ್ನಡದ್ದನ್ನು ನನ್ನ ಫೋನಿನಲ್ಲಿ ಇಟ್ಟುಕೊಂಡೆ. ಅವಳು ಎಲ್‌ಸಿಎಂ ಎಂದಾಗ ನಾನು ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಇರುವ ಪುಟ ತೆರೆಯುತ್ತಿದ್ದೆ. ಆದರೆ ಐದನೆಯ ಪುಸ್ತಕ ಓದಲಿಕ್ಕೆ ಕೂತರೆ ಅದೂ ತಲೆಗೆ ಹೋಗಲಿಲ್ಲ. ನಾಲ್ಕನೆಯದಕ್ಕೆ ಇಳಿದೆ. ಅಲ್ಲಿಯ ಚಿತ್ರಗಳು ಅರ್ಥವಾದವು. ನನ್ನ ಗಣಿತ ಕೆಟ್ಟದ್ದು ಹತ್ತನೆಯಲ್ಲಿ ಅಲ್ಲ, ನಾಲ್ಕರಿಂದ ಐದಕ್ಕೆ ದಾಟುವಲ್ಲಿ ಎಂಬುದು ಅಷ್ಟು ವರ್ಷದ ಮೇಲೆ ಗೊತ್ತಾಯಿತು. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ, ಕಟಿಂಗ್ ಟೇಬಲ್ಲಿನ ಮೇಲೆ, ಮಾರ್ಕಿಂಗ್ ಚಾಕಿನಲ್ಲಿ ಕಂದು ಕಾಗದದ ಮೇಲೆ ಲೆಕ್ಕ ಬಿಡಿಸಲು ಶುರು ಮಾಡಿದೆ. ಯಾರೂ ನೋಡುತ್ತಿರಲಿಲ್ಲ. ಕಿವಿ ಬಿಸಿಯಾಗಲಿಲ್ಲ.

ಅರ್ಧ ಮತ್ತು ಮೂರನೇ ಒಂದು ಕೂಡಿಸುವ ಲೆಕ್ಕದಲ್ಲಿ ನಾನು ಬಹಳ ದಿನ ಸಿಕ್ಕಿಬಿದ್ದೆ. ಮೇಲಿನದ್ದನ್ನು ಮೇಲಿನದ್ದಕ್ಕೆ, ಕೆಳಗಿನದ್ದನ್ನು ಕೆಳಗಿನದ್ದಕ್ಕೆ ಕೂಡಿಸಿದರೆ ಐದನೇ ಎರಡು ಬರುತ್ತದೆ. ಅದು ತಪ್ಪೆಂದು ನಿಯಮ ಇಲ್ಲದೆಯೇ ಕಾಣುವುದು ಹೇಗೆ? ಹತ್ತು ಗುಂಡಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಹತ್ತರಲ್ಲಿ ಅರ್ಧ ಎಂದರೆ ಐದು ಗುಂಡಿ. ಹತ್ತರಲ್ಲಿ ಐದನೇ ಎರಡು ಎಂದರೆ ನಾಲ್ಕು. ಅರ್ಧಕ್ಕೆ ಏನೋ ಒಂದನ್ನು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಸಾಧ್ಯ! ಸಂಜೆ ಮಗಳಿಗೆ ಇದನ್ನು ತೋರಿಸಿದಾಗ ಅವಳು ಜೋರಾಗಿ ನಕ್ಕಳು. ಹಾಗಾದರೆ ಸರಿ ಉತ್ತರ ಎಷ್ಟು ಎಂದು ಟೇಪು ಹಿಡಿದೆವು. ಅಲ್ಲೇ ಬಿತ್ತು ಪೆಟ್ಟು. ನನ್ನ ಟೇಪಿನಲ್ಲಿ ಇಂಚಿಗೆ ಎಂಟು ಮನೆ. ಅರ್ಧ ಉಂಟು, ಕಾಲು ಉಂಟು, ಅರೆಕಾಲು ಉಂಟು. ಮೂರನೇ ಒಂದು ಮಾತ್ರ ಇಲ್ಲ. ಇಷ್ಟು ವರ್ಷ ಕುತ್ತಿಗೆಗೆ ಹಾಕಿಕೊಂಡು ತಿರುಗಿದ ಟೇಪಿನಲ್ಲಿ ಅದು ಇಲ್ಲವೆಂದು ನಾನು ಗಮನಿಸಿಯೇ ಇರಲಿಲ್ಲ. ಎಂಟನ್ನು ಮೂರು ಸಮಪಾಲು ಮಾಡಲಿಕ್ಕೆ ಆಗುವುದಿಲ್ಲ, ಅದಕ್ಕೇ ಇಲ್ಲ.

ಮಗಳು ಟೇಪು ಎಳೆದು, "ಒಂದು ಇಂಚು ಬೇಡ ಅಮ್ಮ, ಒಂದು ಅಡಿ ತೆಗೊಳ್ಳುವ" ಎಂದಳು. ಅಡಿಗೆ 12 ಇಂಚು. ಅರ್ಧ ಅಡಿ 6 ಇಂಚು, ಅಡಿಯ ಮೂರನೇ ಒಂದು 4 ಇಂಚು. ಒಟ್ಟು 10 ಇಂಚು, ಅಂದರೆ ಹನ್ನೆರಡರಲ್ಲಿ ಹತ್ತು, ಅಂದರೆ ಆರರಲ್ಲಿ ಐದು. ಅವಳು ಪುಸ್ತಕದ ಹಿಂದೆ ನೋಡಿದಳು. ಆರನೇ ಐದು. ಇಬ್ಬರೂ ಒಂದು ಗಳಿಗೆ ಟೇಪನ್ನೇ ನೋಡುತ್ತ ನಿಂತೆವು. ಛೇದ ಸಮ ಮಾಡುವುದು ಎಂದರೆ ಎರಡಕ್ಕೂ ಮೂರಕ್ಕೂ ಸರಿಯಾಗಿ ಕತ್ತರಿಸಲಿಕ್ಕೆ ಬರುವ ಒಂದು ಅಳತೆಯನ್ನು ಹುಡುಕುವುದು. 12 ಆಗುತ್ತದೆ, 6 ಸಾಕು. ಆ 6ನ್ನೇ ಪುಸ್ತಕ ಲ.ಸಾ.ಅ. ಎನ್ನುತ್ತದೆ. ನಮ್ಮ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆಸಿ ಬಾಯಿಪಾಠ ಮಾಡಿಸಿದ್ದರು. ಯಾತಕ್ಕಾಗಿ ಎಂದು ಹೇಳಿದ ನೆನಪು ಇಲ್ಲ.

ಆಮೇಲೆ ನಮ್ಮಲ್ಲಿ ಒಂದು ಪದ್ಧತಿ ಬಿತ್ತು. ನಾಳೆಯ ಪಾಠವನ್ನು ನಾನು ಮಧ್ಯಾಹ್ನವೇ ಒಮ್ಮೆ ಗುದ್ದಾಡಿ ಇಡುತ್ತೇನೆ. ಸಂಜೆ ಅವಳು ಮಾಡುವಾಗ ನಾನು ಉತ್ತರ ಹೇಳುವುದಿಲ್ಲ; ಹೆಚ್ಚಿನ ಸಲ ನನಗೆ ಗೊತ್ತೂ ಇರುವುದಿಲ್ಲ. "ಇಲ್ಲಿಂದ ಇಲ್ಲಿಗೆ ಹೇಗೆ ಬಂದೆ?" ಎಂದಷ್ಟೇ ಕೇಳುತ್ತೇನೆ. ಇಬ್ಬರಿಗೂ ತಿಳಿಯದೆ ಹೋದರೆ ಪೆನ್ಸಿಲಿನಲ್ಲಿ ಪಕ್ಕಕ್ಕೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಪುಸ್ತಕ ಮುಚ್ಚುವುದು. ಆ ಚಿಹ್ನೆಯನ್ನು ಮರುದಿನ ಟೀಚರ ಹತ್ತಿರ ಒಯ್ಯುವುದು ಅವಳ ಕೆಲಸ. ಸಾರು ಒಲೆಯ ಮೇಲೆ ಇರುವಾಗ ಲೆಕ್ಕ ಇಲ್ಲ, ಊಟದ ಮೇಲೂ ಇಲ್ಲ. ಹೋಮ್‌ವರ್ಕ್ ಮುಗಿಯದಿದ್ದರೆ ಮುಗಿಯಲಿಲ್ಲ ಎಂದು ಡೈರಿಯಲ್ಲಿ ನಾನೇ ಬರೆದು ಸಹಿ ಹಾಕುತ್ತೇನೆ. ಈ ಸಹಿ ಹಾಕಲಿಕ್ಕೆ ನನಗೆ ಬೇಕಾದ ಧೈರ್ಯ ಲ.ಸಾ.ಅ. ಕಲಿಯಲಿಕ್ಕೆ ಬೇಕಾದದ್ದಕ್ಕಿಂತ ದೊಡ್ಡದು.

ಆರನೆಯಲ್ಲಿ ದಶಮಾಂಶ ಬಂದದ್ದು ಮಳೆಯ ರಜೆಯೊಂದಿಗೆ. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೋ ಇಲ್ಲವೋ ಎಂದು ರಾತ್ರಿ ಫೋನು ಹಿಡಿದು ಕಾಯುವ ಮಕ್ಕಳಿಗೆ ಹವಾಮಾನ ಇಲಾಖೆಯ ಅಂಕೆಗಳು ಪರೀಕ್ಷೆಯ ಅಂಕಗಳಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ದಿನಕ್ಕೆ 115.6ರಿಂದ 204.4 ಮಿಲಿಮೀಟರ್ ಬಂದರೆ ಅತಿ ಭಾರೀ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರೀ. 204.5 ಮಿಲಿಮೀಟರ್ ಎಂದರೆ ಎಷ್ಟು ಎಂದು ಟೇಪಿನ ಸೆಂಟಿಮೀಟರ್ ಬದಿಯಲ್ಲಿ ನೋಡಿದೆವು: 20.45. ಇಂಚಿನ ಬದಿಯಲ್ಲಿ ಎಂಟು ದಾಟಿ ಒಂದು ಕೂದಲೆಳೆ. ಗೇಣಿಗೆ ಸ್ವಲ್ಪ ಕಡಿಮೆ, ಇಡೀ ಅಂಗಳದ ಮೇಲೆ, ಒಂದೇ ದಿನದಲ್ಲಿ. ಅವಳು ಬಾಲ್ದಿ ತಂದು ಅಂಗಳದಲ್ಲಿ ಇಡಲು ಹೊರಟಳು. ಬಾಲ್ದಿಯ ಬಾಯಿ ಅಗಲ, ತಳ ಸಣ್ಣ, ಅಳತೆ ತಪ್ಪುತ್ತದೆ ಎಂದು ಇಬ್ಬರೂ ಚರ್ಚೆ ಮಾಡಿ ಕೊನೆಗೆ ನೇರ ಗೋಡೆಯ ಬಿಸ್ಕತ್ತಿನ ಡಬ್ಬಿ ಇಟ್ಟೆವು. ಮಧ್ಯೆ ಅವಳು ಒಂದು ಪ್ರಶ್ನೆ ಎಸೆದಳು: "204.45 ಬಂದರೆ ಅದು ಯಾವ ಮಳೆ?" 45 ದೊಡ್ಡದು, 5 ಸಣ್ಣದು, ಹಾಗಾಗಿ 204.45 ಎಂಬುದು 204.5ಕ್ಕಿಂತ ದೊಡ್ಡದು ಎಂದು ಮೊದಲು ಅವಳ ವಾದ. ಟೇಪಿನಲ್ಲಿ ನಾಲ್ಕೂವರೆ ಗೆರೆ ಐದನೆಯ ಗೆರೆಗಿಂತ ಹಿಂದೆ ಇರುವುದನ್ನು ನೋಡಿದ ಮೇಲೆ ಆ ವಾದ ಬಿಟ್ಟಳು. ಆದರೆ ಪ್ರಶ್ನೆ ಉಳಿಯಿತು. ಪೆನ್ಸಿಲ್ ಚಿಹ್ನೆ ಹಾಕಿದೆವು. ಟೀಚರು, ಮಳೆ ಅಳೆಯುವ ಪಾತ್ರೆ ಓದುವುದೇ ಒಂದು ದಶಮಾಂಶ ಸ್ಥಾನದವರೆಗೆ, ಆದ್ದರಿಂದ 204.45 ಎಂಬ ಮಳೆಯೇ ವರದಿಯಲ್ಲಿ ಬರುವುದಿಲ್ಲ ಎಂದು ವಿವರಿಸಿದರಂತೆ. ಆ ಪ್ರಶ್ನೆಯ ನಂತರ ಕ್ಲಾಸಿನಲ್ಲಿ ಅವಳ ಸ್ಥಾನವೇ ಸ್ವಲ್ಪ ಬದಲಾಯಿತು ಎಂದು ನನ್ನ ಅಂದಾಜು.

ಅಜ್ಜಿ ಮನೆಗೆ ಹೋದಾಗ ಈ ಹುಚ್ಚು ಮಲ್ಲಿಗೆಗೂ ಹತ್ತಿತು. ಅಟ್ಟೆಗೆ 800 ರೂಪಾಯಿ ಇದ್ದ ದಿನ. 3200 ಹೂವಿಗೆ 800 ರೂಪಾಯಿ, ರೂಪಾಯಿಗೆ ನಾಲ್ಕು ಹೂ, ಒಂದು ಹೂವಿಗೆ 25 ಪೈಸೆ ಎಂದು ಹೇಳಿ, "ಅಜ್ಜಿ, ಈಗ ನಿಮ್ಮ ಕೈಯಿಂದ ಬಿದ್ದದ್ದು ಎಪ್ಪತ್ತೈದು ಪೈಸೆ" ಎಂದು ನೆಲದಿಂದ ಮೂರು ಮೊಗ್ಗು ಹೆಕ್ಕಿಕೊಟ್ಟಳು. ಅಮ್ಮ ದಾರ ಸುತ್ತುವುದನ್ನು ನಿಲ್ಲಿಸದೆ, "ಹಾಗೆ ಲೆಕ್ಕ ಹಾಕಿದರೆ ಕಟ್ಟುವವಳ ಕೂಲಿ ಎಷ್ಟು ಬೀಳುತ್ತದೆ ಅದನ್ನೂ ಹೇಳು" ಎಂದರು. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ. ಅಮ್ಮ ಓದಿದ್ದು ಕಡಿಮೆ, ಆದರೆ ಮುಕ್ಕಾಲು ಮಗ್ಗಿ ಈಗಲೂ ಬಾಯಲ್ಲಿದೆ: ಮೂರು ಮುಕ್ಕಾಲು ಎರಡೂಕಾಲು, ಐದು ಮುಕ್ಕಾಲು ಮೂರೂಮುಕ್ಕಾಲು. ನಮ್ಮ ಕಾಲಕ್ಕೆ ಅದನ್ನು ಬಿಟ್ಟಿದ್ದರು.

ಏಳನೆಯಲ್ಲಿ ಭಿನ್ನರಾಶಿಯ ಭಾಗಾಕಾರ. ತಲೆಕೆಳಗು ಮಾಡಿ ಗುಣಿಸು ಎಂಬ ಮಂತ್ರ ನನಗೂ ನೆನಪಿತ್ತು. ಇಲ್ಲಿ ಟೇಪು ಪೂರ್ತಿ ಕೈ ಹಿಡಿಯಿತು. ಮುಕ್ಕಾಲು ಇಂಚಿನಲ್ಲಿ ಅರೆಕಾಲು ಇಂಚು ಎಷ್ಟು ಸಲ ಹೋಗುತ್ತದೆ? ಎಣಿಸಿದರೆ ಆರು. ಒಂದು ಇಂಚಿಗೆ ಎಂಟು ಮನೆ ಇರುವಾಗ, ಎಷ್ಟು ಇಂಚಾದರೂ ಎಂಟರಿಂದ ಗುಣಿಸಿದರೆ ಮನೆಗಳ ಸಂಖ್ಯೆ ಬರುತ್ತದೆ. ಎಂಟನೇ ಒಂದರಿಂದ ಭಾಗಿಸುವುದೂ ಎಂಟರಿಂದ ಗುಣಿಸುವುದೂ ಒಂದೇ ಕೆಲಸ. ಆ ಮಂತ್ರದೊಳಗೆ ಇದ್ದದ್ದು ಇಷ್ಟೇ.

ಋಣ ಸಂಖ್ಯೆಗಳಲ್ಲಿ ಮಾತ್ರ ನಾನು ಗೆಲ್ಲಲಿಲ್ಲ. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಹೇಗೆ ಎಂಬುದಕ್ಕೆ ನನ್ನ ಉದ್ರಿ ಪುಸ್ತಕ ತೆಗೆದೆ. ಲೈನಿಂಗ್ ಬಟ್ಟೆಯ ಅಂಗಡಿಯಲ್ಲಿ 50 ರೂಪಾಯಿಯ ಬಾಕಿ ಮೂರು ಉಂಟು, ಅಂದರೆ ನನ್ನ ಲೆಕ್ಕ 150 ಹಿಂದೆ. ಅಂಗಡಿಯವರು ಆ ಮೂರು ಬಾಕಿಯನ್ನು ಹೊಡೆದು ಹಾಕಿದರೆ ನಾನು 150 ಮುಂದೆ ಬಂದ ಹಾಗೆ. ಸಾಲವನ್ನು ತೆಗೆಯುವುದು ಎಂದರೆ ಕೊಡುವುದು. 628ರಲ್ಲೇ ಬ್ರಹ್ಮಗುಪ್ತ ಧನ, ಋಣ ಎಂದು ಹಣದ ಮಾತಿನಲ್ಲೇ ಈ ನಿಯಮಗಳನ್ನು ಬರೆದಿಟ್ಟಿದ್ದಾನೆ ಎಂದೂ ಹೇಳಿದೆ. ಮಗಳು ಮೂಗು ಮುರಿದಳು: "ಬಾಕಿಯನ್ನು ಸುಮ್ಮನೆ ಯಾರು ಹೊಡೆದು ಹಾಕುತ್ತಾರೆ?" ಅವಳಿಗೆ ಹಿಡಿಸಿದ್ದು ಪುಸ್ತಕದ ದಾರಿ. ಮೈನಸ್ ಐದನ್ನು ಮೂರರಿಂದ ಗುಣಿಸಿದರೆ ಮೈನಸ್ 15, ಎರಡರಿಂದ ಮೈನಸ್ 10, ಒಂದರಿಂದ ಮೈನಸ್ 5, ಸೊನ್ನೆಯಿಂದ 0. ಪ್ರತಿ ಸಲವೂ ಐದು ಏರುತ್ತಾ ಇದೆ. ಇನ್ನೊಂದು ಮೆಟ್ಟಿಲು ಇಳಿದು ಮೈನಸ್ ಒಂದರಿಂದ ಗುಣಿಸಿದರೆ 5 ಬಾರದೆ ಬೇರೆ ಗತಿ ಇಲ್ಲ. ನೋಡಿದರೆ ಅವಳದ್ದೇ ಗಟ್ಟಿ.

ಸೊನ್ನೆಯಿಂದ ಭಾಗಿಸುವ ಜಗಳ ಬಂದಾಗ ಟೀಚರು ಒಂದು ಸಂಗತಿ ಹೇಳಿ ಕಳಿಸಿದ್ದರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯ, ಒಂಬತ್ತನೇ ಶತಮಾನದ ಅಷ್ಟು ದೊಡ್ಡ ಗಣಿತಜ್ಞ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಬರೆದಿದ್ದ. ಅದು ಸರಿಯಲ್ಲ. ಐದು ಇಂಚು ಬಟ್ಟೆಯಲ್ಲಿ ಸೊನ್ನೆ ಇಂಚಿನ ತುಂಡು ಎಷ್ಟು ಎಂದು ಕತ್ತರಿ ಹಿಡಿದು ಯೋಚಿಸಿದರೆ ನನಗೇ ತಿಳಿಯುತ್ತದೆ, ಕತ್ತರಿಸುತ್ತಲೇ ಇರಬೇಕು. ಮಹಾವೀರಾಚಾರ್ಯನಿಗೆ ತಪ್ಪಿದ ಲೆಕ್ಕ ಎಂದು ಮಗಳು ಆ ಪುಟಕ್ಕೆ ನಕ್ಷತ್ರ ಹಾಕಿಕೊಂಡಿದ್ದಾಳೆ.

ಮದುವೆಮನೆಗಳಲ್ಲಿ "ನಮ್ಮ ಕುಟುಂಬಕ್ಕೇ ಲೆಕ್ಕ ಹತ್ತುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ" ಎನ್ನುವವರು ಈಗಲೂ ಇದ್ದಾರೆ. ಹಿಂದೆ ನಾನೂ ಹೌದು ಹೌದು ಎಂದು ನಗುತ್ತಿದ್ದೆ, ಅದು ಮಾತು ಮುಗಿಸಲಿಕ್ಕೆ ಸುಲಭದ ದಾರಿ. ಈಗ ಮಗಳು ಪಕ್ಕದಲ್ಲಿ ಇದ್ದರೆ ನಗುವುದಿಲ್ಲ, "ನಾನು ಏಳನೆಯಲ್ಲಿ ಇದ್ದೇನೆ, ನೀವು?" ಎಂದು ಕೇಳುತ್ತೇನೆ.

ಅಂಕದ ವಿಷಯ ಕೇಳುವವರಿಗೆ: ಅವಳಿಗೆ ಗಣಿತದಲ್ಲಿ ನಡುವಿನ ಅಂಕ ಬರುತ್ತದೆ. ರಿಸಲ್ಟಿನ ಜಿಲ್ಲೆಗೆ ಹೆಮ್ಮೆ ತರುವಂಥದ್ದಲ್ಲ. ಭಿನ್ನರಾಶಿಯಲ್ಲಿ ಒಳ್ಳೆಯದು, ದಶಮಾಂಶದಲ್ಲಿ ಒಳ್ಳೆಯದು, ಕತೆ ರೂಪದ ಲೆಕ್ಕಗಳಲ್ಲಿ ಈಗಲೂ ಎಡವುತ್ತಾಳೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದಿ, ಅದರೊಳಗೆ ಯಾರು ಯಾರಿಗಿಂತ ಎಷ್ಟು ವರ್ಷ ದೊಡ್ಡವರು ಎಂದು ಹುಡುಕುವಷ್ಟರಲ್ಲಿ ಅವಳ ತಾಳ್ಮೆ ಮುಗಿದಿರುತ್ತದೆ. ಅದೇ ಲೆಕ್ಕವನ್ನು ನನ್ನ ಫೋನಿನ ಕನ್ನಡ ಪುಸ್ತಕದಿಂದ ಗಟ್ಟಿಯಾಗಿ ಓದಿ ಹೇಳಿದರೆ ಅರ್ಧಕ್ಕರ್ಧ ತನ್ನಷ್ಟಕ್ಕೆ ಮಾಡುತ್ತಾಳೆ. ಪರೀಕ್ಷೆಯಲ್ಲಿ ಓದಿ ಹೇಳುವವರು ಇರುವುದಿಲ್ಲವಲ್ಲ. ಇದಕ್ಕೆ ಟೀಚರ ಹತ್ತಿರ ಮಾತಾಡಬೇಕು, ಮುಂದಿನ ಪಾಲಕರ ಸಭೆ ದಸರಾ ರಜೆಯ ಮೊದಲು ಉಂಟು. ಅಷ್ಟರಲ್ಲಿ ನಾನು ಸರಳ ಸಮೀಕರಣದ ಅಧ್ಯಾಯ ಮುಗಿಸಬೇಕು. ಸದ್ಯ ಮೂರನೇ ಅಭ್ಯಾಸದಲ್ಲಿ ನಿಂತಿದ್ದೇನೆ, ಪಕ್ಕದಲ್ಲಿ ಪೆನ್ಸಿಲ್ ಚಿಹ್ನೆಗಳು ಸಾಕಷ್ಟು ಉಂಟು.